ಇಪ್ಪತ್ನಾಲ್ಕು ಹುಣಸೆ ಬೀಜ

ಸೊಪ್ಪಿನ ಬೀದಿ ಶಾಲೆ, ಹಳೇಪೇಟೆ, ದಾವಣಗೆರೆ
2174, ಫೆಬ್ರವರಿ ಮೂವತ್ತು

ಶಕೀಲಾಬಿ ಅಮ್ಮನವರಿಗೆ ಹಾಲಮ್ಮ ಮಾಡುವ ನಮಸ್ಕಾರ. ವಯಸ್ಸಿನಲ್ಲಿ ನೀವು ನನ್ನ ಮಗಳಷ್ಟಿರಬಹುದು. ಆದರೂ ನನಗಿಂತ ನೂರೈವತ್ತು ವರ್ಷ ಮುಂಚೆ ಹುಟ್ಟಿದವರು, ಅಮ್ಮ ಅನ್ನದೆ ಇನ್ನೇನು ಅನ್ನಲಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಯಾಕೆಂದು ಕೇಳಬೇಡಿ, ಆ ಪಾಠ ಬರುವ ಹೊತ್ತಿಗೆ ನಾನು ಶಾಲೆ ಬಿಟ್ಟಿದ್ದೆ.

ನಿನ್ನೆ ಮಧ್ಯಾಹ್ನ ಮಲಗಿದಾಗ ಕೆಟ್ಟ ಕನಸು ಬಿತ್ತು. ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಂದರೆ ಗೇಟು ಇದ್ದ ಕಡೆ ಬರೀ ಗೋಡೆ. ಸೊಪ್ಪು ಮಾರುವವಳನ್ನು ಕೇಳಿದೆ. ಅವಳು ತಲೆ ಎತ್ತದೆ, "ಇಲ್ಲೆಲ್ಲಿ ಸಾಲಿ ಇತ್ತಬೇ, ನಿಂಗೇನು ಬಿಸ್ಲು ಹೊಡದೈತಾ" ಅಂದಳು. ಎದ್ದವಳೇ ಚಪ್ಪಲಿ ಹಾಕದೆ ಓಡಿ ಬಂದು ನೋಡಿದೆ. ಗೇಟು ಇತ್ತು. ಒಳಗೆ ಮಕ್ಕಳು ಏಳರ ಮಗ್ಗಿ ಕೂಗುತ್ತಿದ್ದರು. ಕಾಲು ಸುಟ್ಟಿದೆಯೆಂದು ಗೊತ್ತಾದದ್ದೇ ಆಮೇಲೆ.

ಆ ಕನಸೇ ಈ ಕಾಗದ ಬರೆಸಿದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನಿಸಿದರೆ ಕ್ಷಮಿಸಬೇಕು. ನನ್ನ ಲೆಕ್ಕದ ಪ್ರಕಾರ ಅಧಿಕಾರಿ ನಿಮ್ಮ ಬೀದಿಗೆ ಬಂದು ಹೋಗಿ ನಾಲ್ಕು ದಿನವಾಗಿರಬೇಕು. ಶಾಲೆಯನ್ನು ದೊಡ್ಡ ಶಾಲೆಯಲ್ಲಿ ವಿಲೀನ ಮಾಡುವ ನೋಟಿಸು ಇನ್ನೂ ಗೇಟಿನ ಮೇಲಿದೆ. ನಿಮಗೆ ಊಟ ಸೇರುತ್ತಿಲ್ಲ. ಆದ್ದರಿಂದ ಮೊದಲು ಸುದ್ದಿ ಹೇಳಿಬಿಡುತ್ತೇನೆ, ಅಮ್ಮ. ನೀವು ಗೆದ್ದಿರಿ. ಬರುವ ಗುರುವಾರ ಆದೇಶ ಬರುತ್ತದೆ: ಸೊಪ್ಪಿನ ಬೀದಿ ಶಾಲೆಯು ಇದ್ದಲ್ಲಿಯೇ ಇರತಕ್ಕದ್ದು.

ನೀವು ಮಾಡಿದ್ದನ್ನು ನಮ್ಮಲ್ಲಿ ಪ್ರತಿ ವರ್ಷ ಹೇಳುತ್ತಾರೆ, ಎಲ್ಲರಿಗೂ ಬಾಯಿಪಾಠ. ಅಧಿಕಾರಿ ನಕ್ಷೆ ಬಿಡಿಸಿ, ಅದರ ಮೇಲೆ ಸ್ಕೇಲಿಟ್ಟು, ಎರಡು ಶಾಲೆಗಳ ನಡುವೆ ಅರ್ಧ ಕಿಲೋಮೀಟರೂ ಇಲ್ಲ, ಇಲ್ಲಿರುವುದು ಮೂವತ್ತೊಂದೇ ಮಕ್ಕಳು ಎಂದರು. ಮಂಡಕ್ಕಿ ಭಟ್ಟಿಯಿಂದ ಕೆಲಸ ಬಿಟ್ಟು ಬಂದಿದ್ದ ನೀವು, "ಸಾಹೇಬ್ರೆ, ನನ್ ಮಗಳು ಸ್ಕೇಲಿನ ಮ್ಯಾಲೆ ಹೋಗಲ್ರೀ, ರೋಡಿನ ಮ್ಯಾಲೆ ಹೋಗ್ತಾಳೆ. ನೀವೇ ಕೈ ಹಿಡ್ಕಂಡು ಕರ್ಕಂಡು ಹೋಗ್ರಿ, ನಾವು ಎಣಿಸ್ತೀವಿ" ಎಂದಿರಿ. ಒಂದನೇ ತರಗತಿಯ ನಿಮ್ಮ ಮಗಳು ಮುಬೀನಾಳ ಬೆರಳನ್ನು ಅವರ ಕೈಗೆ ಕೊಟ್ಟಿರಿ. ಬೆಳಗಿನ ಒಂಬತ್ತೂವರೆ, ಲಾರಿಗಳು ಮಾಲು ಇಳಿಸುವ ಹೊತ್ತು. ಭಟ್ಟಿಯಲ್ಲಿ ಚೀಲ ಎಣಿಸುವ ಹಾಗೆಯೇ ಮಗುವಿನ ನೂರು ಹೆಜ್ಜೆಗೊಂದು ಹುಣಸೆ ಬೀಜ ಸೆರಗಿಗೆ ಹಾಕಿಕೊಳ್ಳುತ್ತ ನೀವು ಹಿಂದೆ ನಡೆದಿರಿ. ದೊಡ್ಡ ರಸ್ತೆ ದಾಟುವಾಗ ಲಾರಿಯೊಂದು ಹಾರ್ನ್ ಹೊಡೆಯಿತು. ಅಧಿಕಾರಿ ಹೆದರಿ ಮಗುವನ್ನು ಎತ್ತಿಕೊಂಡರು, ಆಚೆ ಬದಿಗೆ ಹೋಗಿಯೇ ಇಳಿಸಿದರು. ಆಗ ನೀವು ಕೇಳಿದ್ದು: "ನಾಳಿಂದ ದಿನಾ ಬರ್ತೀರೇನ್ರೀ ಎತ್ಕಣಾಕೆ?" ಅವರು ಉಳಿದ ದಾರಿಯನ್ನು ನಡೆದು ಮುಗಿಸಿ, ಮುಖ ಒರೆಸಿಕೊಂಡು, ಜೀಪು ಹತ್ತಿದರು. ಆ ಮೌನವೇ ನಿಮ್ಮನ್ನು ಈಗ ಕೊಲ್ಲುತ್ತಿದೆ, ಅಲ್ಲವೇ. ಅವರ ವರದಿ ನಮ್ಮ ಶಾಲೆಯ ಗೋಡೆಯ ಮೇಲಿದೆ. ಕೊನೆಯ ಸಾಲು ಹೀಗಿದೆ: ಮಗು ಒಂಟಿಯಾಗಿ ದಾಟಲಾರದು. ನಾನೂ ಹೆದರಿದೆ.

ನೀವು ಮೂವತ್ತೊಂದು ಮಕ್ಕಳಿಗಾಗಿ ಜಗಳ ಮಾಡಿದಿರಿ, ಈಗ ಇನ್ನೂರ ಹನ್ನೆರಡಿದ್ದಾರೆ. ನಮ್ಮಲ್ಲಿ ಹತ್ತರಿಂದ ಐದರವರೆಗೆ ಬಿಸಿಲುಗಂಟೆ. ಆ ಹೊತ್ತಿನಲ್ಲಿ ಯಾರೂ ಬಯಲಿಗೆ ಬರುವಂತಿಲ್ಲ, ನಿನ್ನೆ ನಾನು ಓಡಿದ್ದು ಅದನ್ನು ಮರೆತೇ. ಬೀದಿಬೀದಿಗೆ ನೆರಳುದಾರಿ ಇದೆ, ಅಂದರೆ ಎದುರುಬದುರು ಮನೆಗಳ ಮಾಳಿಗೆಗಳಿಗೆ ಬಳ್ಳಿ ಹಬ್ಬಿಸಿ ಮಾಡಿದ ಚಪ್ಪರ. ಮಕ್ಕಳು ಅದರ ಕೆಳಗೆ ಹಾಡುತ್ತ ಬರುತ್ತಾರೆ. ಶಾಲೆ ಹತ್ತಿರ ಇರುವುದಕ್ಕೇ ಬರುತ್ತಾರೆ, ದೂರವಿದ್ದಿದ್ದರೆ ನಾವೇ ಕಳಿಸುತ್ತಿರಲಿಲ್ಲ. ಪ್ರತಿ ತರಗತಿಯಲ್ಲೂ ಹಿರೇಬೆಂಚು ಎಂದು ಒಂದು ಇರುತ್ತದೆ, ನಡುವೆ ಓದು ಬಿಟ್ಟ ದೊಡ್ಡವರಿಗೆ. ನಾನು ಮೂರನೆಯದಕ್ಕೆ ಬಿಟ್ಟವಳು, ಅರವತ್ತೊಂದನೇ ವಯಸ್ಸಿನಲ್ಲಿ ನಾಲ್ಕನೆಯದರ ಹಿರೇಬೆಂಚಿನಲ್ಲಿ ಕೂತಿದ್ದೇನೆ. ವಿಲೀನ ಎಂಬ ಮಾತು ನಮ್ಮ ಮಕ್ಕಳಿಗೆ ಉಪ್ಪು ನೀರಲ್ಲಿ ಕರಗುವ ಪಾಠದಲ್ಲಿ ಮಾತ್ರ ಗೊತ್ತು.

ವರ್ಷಕ್ಕೊಮ್ಮೆ ಹೆಜ್ಜೆದಿನ. ಇಡೀ ಪೇಟೆ ಒಂದನೇ ತರಗತಿಯ ಮಕ್ಕಳ ಕೈ ಹಿಡಿದು ನಿಮ್ಮ ದಾರಿಯಲ್ಲಿ ನಡೆಯುತ್ತದೆ. ದೊಡ್ಡ ರಸ್ತೆಯಲ್ಲಿ ಈಗ ಲಾರಿಗಳಿಲ್ಲ, ಆದರೂ ಅಲ್ಲಿಗೆ ಬಂದಾಗ ಮಕ್ಕಳನ್ನು ಎತ್ತಿಕೊಳ್ಳಲೇಬೇಕು. ಹೋದ ಸಲ ನನ್ನ ಮೊಮ್ಮಗಳು, "ಬಿಡಜ್ಜಿ, ನಿಂಗೇ ಮಂಡಿನೋವು, ನಾನೇ ನಿನ್ನ ಎತ್ಕಂತೀನಿ" ಎಂದು ಬೀದಿಯನ್ನೆಲ್ಲ ನಗಿಸಿದಳು. ಹಲಗೆ ಬಡಿಯುತ್ತಿದ್ದರು, ಮಾಳಿಗೆಗಳಿಂದ ಮಂಡಕ್ಕಿ ಎರಚುತ್ತಿದ್ದರು. ನಿಮಗೆ ತೋರಿಸಬೇಕಿತ್ತು ಅನಿಸಿತು.

ಈಗ ನನ್ನ ಚಿಂತೆ. ಶಾಲೆಯ ಮೆಟ್ಟಿಲುಕಲ್ಲು ಸವೆದಿದೆ, ನಾಳೆ ಹೊಸ ಕಲ್ಲಿನಲ್ಲಿ ನೀವು ಎಣಿಸಿದ ಹೆಜ್ಜೆಯ ಸಂಖ್ಯೆ ಕೆತ್ತುತ್ತಾರೆ. ಅಂಕಿ ಬರೆದುಕೊಡುವ ಗೌರವ ಹಿರೇಬೆಂಚಿನ ಪರವಾಗಿ ನನ್ನ ಪಾಲಿಗೆ ಬಂದಿದೆ. ಸ್ಲೇಟಾದರೆ ಒರೆಸಬಹುದು, ಕಲ್ಲನ್ನು ಹೇಗೆ ಒರೆಸಲಿ. ಹಳೇ ಕಲ್ಲಿನಲ್ಲಿ 2436 ಇದೆ, ಶಾಲೆಯ ಪುಸ್ತಕದಲ್ಲಿ 2463. ನನ್ನ ಕಣ್ಣೇ ತಪ್ಪಿತೇನೋ ಎಂದು ಮೊಮ್ಮಗಳಿಂದಲೂ ಓದಿಸಿದೆ. ಗಾಜಿನ ಜಾಡಿಯಲ್ಲಿರುವ ನಿಮ್ಮ ಬೀಜಗಳನ್ನು ಹೊರಗಿನಿಂದಲೇ ಮೂರು ಸಲ ಎಣಿಸಿದೆ, ಇಪ್ಪತ್ನಾಲ್ಕು, ಅಂದರೆ 2400 ಹೆಜ್ಜೆ. ಅಲ್ಲಿಯವರೆಗೆ ಎರಡೂ ಸರಿ. ವ್ಯತ್ಯಾಸ ಇಪ್ಪತ್ತೇಳು. ಅಧಿಕಾರಿ ಮಗುವನ್ನು ಎತ್ತಿಕೊಂಡು ನಡೆದದ್ದು ಇಪ್ಪತ್ತೇಳು ಹೆಜ್ಜೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಹಾಗಾಗಿ ಒಂದೇ ಕೋರಿಕೆ. ಸೆರಗಿನ ಗಂಟು ಬಿಚ್ಚಿ ಬೀಜಗಳನ್ನು ಜಾಡಿಗೆ ಹಾಕುವ ಮುಂಚೆ ಇನ್ನೊಂದು ಸಲ ನೆನಪು ಮಾಡಿಕೊಳ್ಳಿ. ಜೊತೆಗಿದ್ದ ಹೆಂಗಸರನ್ನೂ ಕೇಳಿ. ಆ ಇಪ್ಪತ್ತೇಳು ಹೆಜ್ಜೆ ನಿಮ್ಮ ಎಣಿಕೆಯಲ್ಲಿ ಸೇರಿವೆಯೋ, ಇಲ್ಲವೋ? ಸರಿಯಾದ ಸಂಖ್ಯೆಯನ್ನು ಜಾಡಿಯ ತಗಡಿನ ಮುಚ್ಚಳದ ಒಳಬದಿಯಲ್ಲಿ ಮೊಳೆಯಿಂದ ಗೀಚಿ, ಆಮೇಲೆ ಮುಚ್ಚಿ. ಆ ಮುಚ್ಚಳವನ್ನು ಇವತ್ತಿನವರೆಗೆ ಯಾರೂ ತೆಗೆದಿಲ್ಲ. ನಾಳೆ ಬೆಳಿಗ್ಗೆ, ಬಿಸಿಲುಗಂಟೆಗೆ ಮುಂಚೆ, ಎಲ್ಲರ ಎದುರು ನಾನು ತೆಗೆಯುತ್ತೇನೆ.