ಟೇಕಲ್ಲಿಗೆ ಹೋಗುವುದು ಹೇಗೆ?

ರಾಯಲ್ಪಾಡು
ಫೆಬ್ರವರಿ ೧೯೭೯, ಸೋಮವಾರ ಸಂಜೆ

ಟೇಕಲ್ಲಿನಲ್ಲಿ ಒಬ್ಬರೇ ಅನ್ನ ಸೀಯಿಸಿಕೊಂಡು ಉಣ್ಣುತ್ತಿರುವ ನನ್ನ ಮೇಷ್ಟ್ರಿಗೆ, ನಿಮ್ಮ ಗಂಗರತ್ನಳ ನಮಸ್ಕಾರಗಳು.

ನಿನ್ನೆ ಮಧ್ಯಾಹ್ನ ತಾನೇ ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದಿರಿ. ಇವತ್ತೇ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದು ಗಾಬರಿಯಾಗಬೇಡಿ. ಎದುರಿಗಿದ್ದಾಗ ಬಾಯಿಗೆ ಬಾರದ ಒಂದು ಮಾತು ಉಳಿದುಹೋಗಿದೆ. ಟೇಕಲ್ ಶಾಲೆಗೆ ವರ್ಗ ಮಾಡಿಕೊಡಿ ಎಂದು ನಾವಿಬ್ಬರೂ ಕೂತು ಬರೆದ ಅರ್ಜಿಯನ್ನು ನಾನು ಕೋಲಾರದ ಆಫೀಸಿಗೆ ಇನ್ನೂ ಕೊಟ್ಟಿಲ್ಲ. ಅದು ನನ್ನ ಚೀಲದಲ್ಲೇ ಇದೆ. ಯಾಕೆ ಎಂದು ಹೇಳುತ್ತೇನೆ, ಕೊನೆಯವರೆಗೂ ಓದಿ. ಅರ್ಧಕ್ಕೇ ಮಡಚಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ನಿಮ್ಮದು.

ಜೂನ್‌ನಲ್ಲಿ ನಾನು ಇಲ್ಲಿಗೆ ಬಂದ ಮೊದಲ ದಿನದ ಕಥೆ ಹೇಳಿ ನಿಮ್ಮನ್ನು ನಗಿಸಿದ್ದೆನಲ್ಲ. ನಿಜ ಹೇಳಬೇಕೆಂದರೆ ಆವತ್ತು ನನಗೆ ಅಳು ಬಂದಿತ್ತು. ಆರನೇ ತರಗತಿಯ ಕದಿರೇಶನನ್ನು ಎಬ್ಬಿಸಿ, ನಿಮ್ಮೂರಿನ ಸುತ್ತ ಯಾವ ಯಾವ ಊರಿದೆಯಪ್ಪಾ ಎಂದು ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ಆ ಹುಡುಗ ಅಂಗೈ ಚಾಚಿ ನಿಂತ. ಅವನನ್ನು ನೋಡಿ ಪಕ್ಕದವನೂ ಚಾಚಿದ. ಪ್ರಶ್ನೆ ಎಂದಮೇಲೆ ಏಟು ಇದ್ದದ್ದೇ, ಯೋಚಿಸುತ್ತ ನಿಂತರೆ ಬರೀ ತಡ, ಬೇಗ ತಿಂದು ಕೂತುಬಿಡುವುದೇ ಮೇಲು ಎಂಬುದು ಅವರು ಕಂಡುಕೊಂಡ ದಾರಿ. ಬೆತ್ತವನ್ನು ನಾನು ಹೆಡ್‌ಮಾಸ್ಟರು ಕೋದಂಡರಾಮಪ್ಪನವರ ಕೋಣೆಗೆ ಸಾಗಹಾಕಿದ ಮೇಲೆ ಅಂಗೈ ಚಾಚುವುದು ನಿಂತಿತು. ಬಾಯಿ ಮಾತ್ರ ತೆರೆಯಲಿಲ್ಲ. ಅರ್ಥವಾಯಿತೇ ಎಂದರೆ ಎಲ್ಲರೂ ಒಂದೇ ರಾಗದಲ್ಲಿ "ಆಯ್ತು ಮಿಸ್" ಎನ್ನುವರು. ಏನು ಅರ್ಥವಾಯಿತು ಎಂದರೆ ನೆಲ ನೋಡುವರು. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. ಬಾಯಿ ತಪ್ಪಿ ತೆಲುಗು ಬಂದೀತೆಂದು ಅವರಿಗೆ ಅಂಜಿಕೆ. ಕೇಳುವವಳೂ ನಾನೇ, ಹೇಳುವವಳೂ ನಾನೇ ಆಗಿ ಅರ್ಧ ವರ್ಷ ಕಳೆಯಿತು.

ಸಂಕ್ರಾಂತಿಗೆ ಬಂದಾಗ ನಿಮ್ಮ ಮುಂದೆ ಇದನ್ನೇ ಹೇಳಿಕೊಂಡು ಗೊಣಗಿದೆ. ನೀವು ಕಡಲೆಕಾಯಿ ಸುಲಿಯುತ್ತಾ, ತಲೆ ಎತ್ತದೆ, "ನಿಂಗೆ ಉತ್ತರ ಗೊತ್ತಿರೋದನ್ನೇ ಕೇಳ್ತೀಯ ಕಣೇ. ಪರೀಕ್ಷೆ ಮಾಡ್ತಾಳೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ. ನಿಂಗೆ ನಿಜವಾಗ್ಲೂ ಬೇಕಾಗಿರೋದನ್ನ ಕೇಳಿ ನೋಡು" ಅಂದಿರಿ. ನನಗೆ ಸಿಟ್ಟು ಬಂತು. ದೊಡ್ಡ ಪಂಡಿತರು ಎಂದುಕೊಂಡೆ. ಸುಲಿದ ಕಡಲೆಕಾಯನ್ನೆಲ್ಲ ನಾನೇ ತಿಂದು ಸೇಡು ತೀರಿಸಿಕೊಂಡೆ.

ಹೋದ ಗುರುವಾರ ಗೋಡೆಗೆ ಜಿಲ್ಲೆಯ ಭೂಪಟ ತೂಗುಹಾಕಿ, ಟೇಕಲ್ ಎಲ್ಲಿದೆ ಎಂದು ಹುಡುಕುವ ನೆಪದಲ್ಲಿ ನಿಮ್ಮನ್ನು ನೆನೆಯುತ್ತ ನಿಂತುಬಿಟ್ಟಿದ್ದೆ. ಈ ಸಲಕ್ಕೆ ಮುಂಚೆ ಹೊರಟಾಗ ಬಂಗಾರಪೇಟೆಯಲ್ಲಿ ರೈಲು ತಪ್ಪಿ, ನಾನು ನಿಮ್ಮಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಊರು ಮಲಗಿತ್ತು. ಮುಖ ನೋಡುವುದಕ್ಕೆ ಸಿಕ್ಕಿದ್ದು ಭಾನುವಾರದ ಬೆಳಗು ಮಾತ್ರ. ಆ ಸಂಕಟದಲ್ಲಿ ಬಾಯಿಂದ ಜಾರಿಬಿಟ್ಟಿತು: ಶನಿವಾರ ಸ್ಕೂಲು ಬಿಟ್ಟಮೇಲೆ ಹೊರಟರೆ ಕತ್ತಲಾಗುವ ಮುಂಚೆ ಟೇಕಲ್ಲಿಗೆ ಹೋಗುವುದು ಹೇಗೆ? ನನಗೂ ಗೊತ್ತಿಲ್ಲ, ನೀವೇ ಹೇಳಿ ಎಂದೆ.

ಮೊದಲು ಕದಿರೇಶ ಎದ್ದ. ಅವನ ಮಾವ ಬಸ್ಸಿನ ಕಂಡಕ್ಟರಂತೆ. ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ, ಅಲ್ಲಿಂದ ರೈಲು ಎಂದ. ಆದಿಲಕ್ಷ್ಮಿ ಸುಮ್ಮನಿರಲಿಲ್ಲ, ಮುಳಬಾಗಿಲಿನ ಮೇಲೆ ಹೋದರೇ ಸಲೀಸು, ನಮ್ಮಮ್ಮನ ತೌರುಮನೆ ಅಲ್ಲೇ ಎಂದು ತೆಲುಗಿನಲ್ಲೇ ವಾದಕ್ಕಿಳಿದಳು. ತೆಲುಗಿನಲ್ಲೇ ಹೇಳು, ಉಳಿದವರು ಕನ್ನಡ ಮಾಡಲಿ ಎಂದೆ. ಅಷ್ಟು ಸಾಕಾಯಿತು. ಶ್ರೀನಿವಾಸಪುರದಿಂದ ಸಣ್ಣ ರೈಲು ಇದೆಯಲ್ಲ ಎಂದು ಒಬ್ಬ ಹೇಳಿದ್ದಕ್ಕೆ, ಅದು ದನಗಳಿಗೂ ದಾರಿ ಬಿಟ್ಟು ಹೋಗುತ್ತೆ, ಮಿಸ್ ಸೋಮವಾರಕ್ಕೆ ಮುಟ್ಟುತ್ತಾರೆ ಎಂದು ಇನ್ನೊಬ್ಬ ನಗಿಸಿದ. ಬೋರ್ಡಿನ ಮೇಲೆ ಬಸ್ಸಿನ ಹೊತ್ತುಗಳನ್ನು ಬರೆದು ಕಳೆಯುವ ಲೆಕ್ಕ ಮಾಡಿದರು. ಗಂಟೆ ಹೊಡೆದರೂ ಏಳಲಿಲ್ಲ. ಏನು ಗಲಾಟೆ ಎಂದು ನೋಡಲು ಬಂದ ಹೆಡ್‌ಮಾಸ್ಟರಿಗೂ ದಾರಿ ಹೇಳಿದರು. ನೀವಿದ್ದು ನೋಡಬೇಕಿತ್ತು. ಆವತ್ತು ಸಂಜೆ ಹೇಳಿಕೊಳ್ಳಲು ನೀವು ಪಕ್ಕದಲ್ಲಿಲ್ಲವಲ್ಲ ಎಂದು ಬಹಳ ಬೇಜಾರಾಯಿತು.

ಶನಿವಾರ ಸ್ಕೂಲು ಬಿಟ್ಟು ಚೀಲ ಹೆಗಲಿಗೇರಿಸಿದಾಗ ಮಕ್ಕಳೆಲ್ಲ ಬಾಗಿಲಲ್ಲೇ ಇದ್ದರು. ಆಂಜಿನಮ್ಮ ಎಂಬ ಹುಡುಗಿಯ ವಿಷಯ ನಿಮಗೆ ಬರೆದಿರಲಿಲ್ಲ, ಬರೆಯಲು ಏನೂ ಇರಲಿಲ್ಲ. ಗೋಡೆಗೆ ಒರಗಿ ಕೂರುವ ಮಗು, ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ನಾನು ಕೇಳಿರಲಿಲ್ಲ. ಅವಳು ಮುಂದೆ ಬಂದು, "ಪೋಯಿ ಮಳ್ಳಾ ವಸ್ತಾರಾ ಮಿಸ್, ಆಡನೇ ಉಂಟಾರಾ?" ಎಂದಳು. ಹೋಗಿ ಮತ್ತೆ ಬರ್ತೀರಾ, ಅಲ್ಲೇ ಇದ್ದುಬಿಡ್ತೀರಾ ಎಂದು.

ಎಂಟು ತಿಂಗಳಲ್ಲಿ ಮಕ್ಕಳು ತಾವಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಸುಮ್ಮನೆ ಕೇಳಿರಲಿಲ್ಲ. ಈ ಊರಿಗೆ ಬಂದ ಟೀಚರು ಯಾರೂ ಎರಡನೇ ಜೂನ್ ನೋಡಿಲ್ಲ; ಬಂದ ವಾರವೇ ವರ್ಗಕ್ಕೆ ಅರ್ಜಿ ಬರೆಯುತ್ತಾರೆ ಎಂದು ಹೆಡ್‌ಮಾಸ್ಟರೇ ಹೇಳಿ ನಕ್ಕಿದ್ದರು. ನಾನು ಅವಳ ತಲೆ ಸವರಿ, ಸೋಮವಾರ ಬಂದೇ ಬರ್ತೀನಿ ಕಣೇ ಎಂದೆ. ಅವಳು ಬಿಡಲಿಲ್ಲ. ಬೇಸಿಗೆ ರಜ ಮುಗಿದ ಮೇಲೆ ಎಂದು ಕೇಳಿದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅದಕ್ಕೂ ಬರ್ತೀನಿ ಎಂದುಬಿಟ್ಟೆ.

ಹಾಗೆಂದು ಬಂದವಳು ಕೋಲಾರದಲ್ಲಿ ಆಫೀಸಿನ ಕಡೆ ಹೇಗೆ ಹೋಗಲಿ? ಬಸ್‌ಸ್ಟ್ಯಾಂಡಿನಲ್ಲೇ ನಿಂತು ಬಂಗಾರಪೇಟೆಯ ಬಸ್ಸು ಹತ್ತಿದೆ. ಹೊತ್ತು ಮುಳುಗುವ ಮೊದಲೇ ಟೇಕಲ್ ತಲುಪಿದೆ, ನೀವು ನನ್ನನ್ನು ಸ್ಟೇಷನ್ನಿನಿಂದ ಸೀದಾ ನಮ್ಮಿಬ್ಬರಿಗೆಂದು ಹಿಡಿದ ಆ ಹೊಸ ಮನೆಗೇ ಕರೆದುಕೊಂಡು ಹೋದಿರಿ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಸೊಂಟದೆತ್ತರಕ್ಕೆ ಒಲೆಕಟ್ಟೆ ಕಟ್ಟಿಸಿದ್ದಿರಿ. "ಜೂನಿಂದ ನೀನಿಲ್ಲಿ ಅಡಿಗೆ ಮಾಡ್ತಿರು, ನಾನಿಲ್ಲಿ ಹೊಸಿಲ ಮೇಲೆ ಕೂತು ನಿನ್ ತಲೆ ತಿಂತಿರ್ತೀನಿ" ಅಂದಿರಿ. ನಾನು ಒಲೆಕಟ್ಟೆಯ ಮೇಲಿನ ಸುಣ್ಣದ ಧೂಳನ್ನು ಸೆರಗಿನಿಂದ ಒರೆಸತೊಡಗಿದೆ. ಊರಿಗೆಲ್ಲ ಪ್ರಶ್ನೆ ಕೇಳುವ ನೀವು, ಅರ್ಜಿ ಕೊಟ್ಟೆಯಾ ಎಂದು ಒಂದು ಸಲ ಕೇಳಿದ್ದರೂ ಹೇಳಿಬಿಡುತ್ತಿದ್ದೆ. ಕೊಟ್ಟೇ ಇರುತ್ತೇನೆ ಎಂದು ನಿಮಗೆ ಅಷ್ಟು ನಂಬಿಕೆ.

ಇವತ್ತು ತರಗತಿಯಲ್ಲಿ ನಾನು ಪುಸ್ತಕ ತೆರೆಯುವ ಮೊದಲೇ ಪ್ರಶ್ನೆಗಳು ಶುರುವಾದವು. ರೈಲು ಸಿಕ್ಕಿತೇ, ಕದಿರೇಶ ಹೇಳಿದ ಬಸ್ಸು ಸರಿಯಾಗಿ ಬಂತೇ, ಟೇಕಲ್ಲಿನ ಬೆಟ್ಟ ಎಷ್ಟು ದೊಡ್ಡದು. ಆಂಜಿನಮ್ಮ ಮಾತ್ರ ನಿಮ್ಮ ವಿಷಯ ಕೇಳಿದಳು. "ಸಾರು ಬಾಗುಂಡಾರಾ?" ಎಂದಳು. ಚೆನ್ನಾಗಿದ್ದಾರೆ ಎನ್ನುವಷ್ಟರಲ್ಲಿ ಕಣ್ಣು ತುಂಬಿ, ಬೋರ್ಡಿನ ಕಡೆ ತಿರುಗಿಕೊಂಡೆ.

ನಿಮ್ಮ ಜೊತೆ ಇರಬೇಕೆಂಬ ಆಸೆ ನನಗೆ ಇಲ್ಲವೆಂದುಕೊಳ್ಳಬೇಡಿ. ಸಂಜೆಯಾದರೆ ಈ ಕೋಣೆ ನನಗೆ ಬೇಡ. ಒಬ್ಬಳಿಗೆಂದು ಮುದ್ದೆ ತೊಳಸುವುದು ಸಾಕಾಗಿದೆ. ಆದರೂ ಈ ಮಕ್ಕಳಿಗೆ ಮುಂದಿನ ವರ್ಷ ಏಳನೆಯದು, ಪಬ್ಲಿಕ್ ಪರೀಕ್ಷೆ. ಈಗ ತಾನೇ ಬಾಯಿ ಬಿಟ್ಟಿದ್ದಾರೆ. ಹೊಸಬರು ಬಂದು ಒಂದು ಸಲ ಗದರಿದರೆ ಮತ್ತೆ ಮುಚ್ಚಿಕೊಳ್ಳುತ್ತಾರೆ. ಈ ವರ್ಷ ನಾನು ಅರ್ಜಿ ಕೊಡುವುದಿಲ್ಲ. ಇನ್ನೊಂದೇ ಒಂದು ವರ್ಷ, ದಯವಿಟ್ಟು.

ನಿಮಗೆ ಸಿಟ್ಟು ಬರುತ್ತದೆ, ಬರಲೇಬೇಕು. ಕಾಗದದಲ್ಲಿ ಮಾತ್ರ ಬೈಯಬೇಡಿ. ಅದು ಬರಲು ನಾಲ್ಕು ದಿನ, ಓದಿ ಮುಗಿಸಲು ಎರಡು ನಿಮಿಷ. ನೀವೇ ಇಲ್ಲಿಗೆ ಬಂದು ಬೈಯಿರಿ. ಸೋಮವಾರಕ್ಕೂ ರಜ ಹಾಕಿ ಬಂದು, ಒಂದು ದಿನ ಹೆಚ್ಚಿಗೆ ಇದ್ದು ಬೈದು ಹೋಗಿ.

ನಿಮ್ಮ ಕೆಮ್ಮು ಬೇಗ ವಾಸಿಯಾಗಲಿ, ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ದಾರಿ ನೋಡುತ್ತಿರುವ,
ನಿಮ್ಮ ಗಂಗರತ್ನ