ನಿಮ್ಮ ‘ಹೌದು’ ಬಂತು, ಬೆಂಚು ಬರಲಿಲ್ಲ

ಬಸ್ ನಿಲ್ದಾಣಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ನಿಲ್ದಾಣದಿಂದ ರಿಪೇರಿಗೆಂದು ನೀವು ಎತ್ತಿಸಿಕೊಂಡು ಹೋದ ಬೆಂಚು ಇನ್ನೂ ಹಿಂದಿರುಗಿಲ್ಲ. ಅದು ಬರುವವರೆಗೆ ನಮ್ಮ ಅತ್ತೆ, ಹಾಸಿಗೆ ಹಿಡಿದಿರುವ ತಮ್ಮ ತಂಗಿಯನ್ನು ನೋಡಲು ಹೋಗುವಂತಿಲ್ಲ. ನಿಂತು ಬಸ್ಸು ಕಾಯಲು ಅವರ ಮೊಣಕಾಲು ಒಪ್ಪುವುದಿಲ್ಲ. ನಮ್ಮ ಅಂಗಡಿಯ ಸ್ಟೂಲು ಒಯ್ಯಿರಿ ಎಂದರೆ, “ಬಸ್ ಬಂದ್ಮೇಲೆ ಅದನ್ನ ಯಾರ ತಲೆ ಮೇಲೆ ಇಡ್ಲಿ?” ಎನ್ನುತ್ತಾರೆ.

ನಾನು ದರ್ಜಿ. ಅಳತೆ ತೆಗೆಯುವುದು ಗೊತ್ತು, ಅಧಿಕಾರಿಗಳಿಗೆ ಇಮೇಲ್ ಬರೆಯುವುದು ಗೊತ್ತಿರಲಿಲ್ಲ. ಮೊದಲ ಇಮೇಲಿನಲ್ಲಿ ಅತ್ತೆಯ ಮೊಣಕಾಲಿನ ಚರಿತ್ರೆ, ಅಕ್ಕತಂಗಿಯರ ಬಾಲ್ಯ, ಬೆಂಚಿನ ಸದ್ಗುಣಗಳು, ನಿಮ್ಮ ಆರೋಗ್ಯಕ್ಕೆ ಹಾರೈಕೆ ಎಲ್ಲವನ್ನೂ ತುಂಬಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನೀವು ಧಾರಾಳವಾಗಿ ಬಂಗಾರವನ್ನೇ ಕೊಟ್ಟಿರಿ. ಕಚೇರಿಯೊಂದರಲ್ಲಿ ಸಾಹೇಬರ ಇಮೇಲ್ ನೋಡಿಕೊಳ್ಳುವ ನನ್ನ ನಾದಿನಿ ಅದನ್ನು ಓದಿ ಹಣೆ ಚಚ್ಚಿಕೊಂಡಳು. “ಅತ್ತಿಗೆ, ಇದನ್ನ ಓದೋಕೆ ಅವರು ರಜ ಹಾಕ್ಬೇಕು! ಬೇಕಾದ್ದೇನು ಅಂತ ಮೇಲೇ ಹೇಳಿ. ಒಂದೇ ಪ್ರಶ್ನೆ ಕೇಳಿ. ಹೌದು, ಇಲ್ಲ ಅಂದ್ರೆ ಮುಗಿದುಹೋಗ್ಬೇಕು.”

ಕತ್ತರಿ ಹಿಡಿದು ಕೂತೆ. ನಿಲುವಂಗಿಯಷ್ಟಿದ್ದದ್ದು ಕರವಸ್ತ್ರವಾಯಿತು. ವಿಷಯ: ನಿಲ್ದಾಣದ ಬೆಂಚು. ಪ್ರಶ್ನೆ: ಮತ್ತೆ ಹಾಕಿಸುವಿರಾ? ಮಾನ್ಯರೇ, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಉತ್ತರ ಬಂತು: “ಹೌದು.” ಅತ್ತೆಯ ಸಂಭ್ರಮ ನೋಡಬೇಕಿತ್ತು! ತಂಗಿಗೆಂದು ನನ್ನಿಂದ ಹೊಲಿಸಿದ್ದ ದಿಂಬಿನ ಚೀಲವನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಬಾಗಿಲ ಬಳಿ ಇಟ್ಟರು. ಅದು ಈಗಲೂ ಅಲ್ಲೇ ಇದೆ. ಕಸ ಗುಡಿಸುವಾಗ ದಿನವೂ ಸರಿಸುತ್ತೇನೆ.

ಕಾದು ಕಾದು ಮತ್ತೆ ಬರೆದೆ: ಬೆಂಚು ಹಾಕಿಸುವುದಾಗಿ ಹೇಳಿದ್ದು ನೆನಪಿದೆಯೇ? “ಹೌದು.” ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಡಾದರೂ ಇದಕ್ಕಿಂತ ಉದ್ದವಿದ್ದೀತು. ಕೊನೆಗೆ ತಾಳ್ಮೆಗೆಟ್ಟು “ಯಾವಾಗ?” ಎಂದು ಕೇಳಿಬಿಟ್ಟೆ. ಅಂದಿನಿಂದ ನಿಮ್ಮ ಸದ್ದಿಲ್ಲ. “ತಪ್ಪು ನಿಮ್ದೇ ಅತ್ತಿಗೆ, ಅದಕ್ಕೆ ಹೌದು ಅನ್ನೋಕಾಗಲ್ವಲ್ಲ!” ಎಂದಳು ನಾದಿನಿ. ಇರಬಹುದು. ಆದರೆ ಉತ್ತರ ಕೊಟ್ಟರೆ ಕೆಲಸ ಮುಗಿಯಿತು ಎಂದು ತಮಗೆ ಯಾರು ಹೇಳಿಕೊಟ್ಟರು? ಅಂಗಿ ಆಯ್ತಾ ಎಂದು ಬಂದ ಗಿರಾಕಿಗೆ ನಾನು ಬರೀ “ಹೌದು” ಎಂದರೆ, ಅವರು ಅದನ್ನೇ ತೊಟ್ಟು ಮದುವೆಗೆ ಹೋಗಬೇಕೇ?

ನಿನ್ನೆ ಅತ್ತೆಯ ತಂಗಿ ಫೋನು ಮಾಡಿದ್ದರು.

“ಅಕ್ಕಾ, ಬರ್ತೀಯ ತಾನೆ?”

“ಹೂಂ ಕಣೇ, ಬರ್ದೇ ಇರ್ತೀನಾ?”

“ಯಾವಾಗ?”

ಅತ್ತೆ ಫೋನನ್ನು ನನ್ನ ಕೈಗಿತ್ತು ಒಳಗೆ ಹೋದರು.

ಆದ್ದರಿಂದ ಈ ಸಲ ಊರೆದುರು ಬರೆಯುತ್ತಿದ್ದೇನೆ. ದಯವಿಟ್ಟು ಈ ಪತ್ರಕ್ಕೆ ಉತ್ತರಿಸಬೇಡಿ. ಬೆಂಚು ಕಳಿಸಿ. ತಂಗಿಗೆ ಕೊಡಬೇಕಾದ ಉತ್ತರವನ್ನು ಅತ್ತೆಯೇ ಹೋಗಿ ಕೊಟ್ಟು ಬರುತ್ತಾರೆ.

ಇಂತಿ,
ಉತ್ತರ ಪಡೆಯುವುದನ್ನು ಕಲಿತು ಕೆಟ್ಟ,
ನಿಲ್ದಾಣದೆದುರಿನ ದರ್ಜಿ