ಎರಡನೆಯ ಒಪ್ಪಿಗೆ

ಚಚಡಿ
ಬುಧವಾರ

ಡಾಕ್ಟರ್ ರಂಜನಾ ಅವರಿಗೆ ಗುರವ್ವಳ ನಮಸ್ಕಾರ.

ನಮ್ಮ ಯಜಮಾನರನ್ನು ನಿಮ್ಮ ಸಂಶೋಧನೆಯಿಂದ ಬಿಡಿಸಿ ಎಂದು ಕಳೆದ ವಾರ ಫೋನಿನಲ್ಲಿ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಕಟ್ಟಿದಾಗ, ಜೀವಕೋಶಗಳು ಒತ್ತಡದಲ್ಲಿ ತಯಾರಿಸುವ ಬೇರೆ ಪ್ರೋಟೀನುಗಳು ಅದನ್ನು ಬಿಡಿಸಲು ಹೆಣಗುತ್ತವೆ, ಕೆಲವೊಮ್ಮೆ ಅವೇ ಉರಿಯೂತ ಹೆಚ್ಚಿಸುತ್ತವೆ, ಅದನ್ನು ತಿಳಿಯಲು ರಕ್ತ ಬೇಕು ಎಂದಿದ್ದಿರಿ. ಇದರಿಂದ ಅವರ ಮರೆವು ವಾಸಿಯಾಗದೆಂದೂ ಮುಚ್ಚಿಡದೆ ಹೇಳಿದ್ದಿರಿ. ಎಲ್ಲ ತಿಳಿದೇ ಅವರು ಸಹಿ ಹಾಕಿದ್ದರು. ಈಗ ಅದು ಅವರಿಗೆ ನೆನಪಿಲ್ಲ. ನೆನಪಿಲ್ಲದವರಿಗೆ ಸೂಜಿ ಚುಚ್ಚಿಸಲು ನನಗೆ ಮನಸ್ಸಾಗಲಿಲ್ಲ.

ನನ್ನ ಫೋನಿನ ಸುದ್ದಿ ತಲುಪದ ನರ್ಸ್ ನಿನ್ನೆ ಸವದತ್ತಿಯಿಂದ ಬಂದರು. ಸೂಜಿ ನೋಡಿ ನಮ್ಮ ಯಜಮಾನರು, "ಇದು ಯಾಕ್ರಿ?" ಎಂದು ಕೇಳಿದರು.

"ಮುಂದ ಈ ಬ್ಯಾನಿ ಬರೋರಿಗೆ ಉಪಯೋಗ ಆಗ್ತೈತ್ರಿ, ನಿಮಗಲ್ಲ" ಎಂದೆ.

"ಹಂಗಾದ್ರ ತಗೋರಿ" ಎಂದು ತೋಳು ಚಾಚಿದರು. ಆಮೇಲೆ ನನ್ನತ್ತ ತೋರಿಸಿ, "ಈ ತಾಯಿ ಯಾಕೋ ಅಳಾಕ ಹತ್ಯಾರ. ಮೊದಲ ಅವ್ರಿಗೆ ನೀರು ಕೊಡ್ರಿ" ಎಂದರು.

ನರ್ಸ್ ಕೊಟ್ಟ ಹೊಸ ಒಪ್ಪಿಗೆಯ ಫಾರಂಗೆ ಅವರ ಪರವಾಗಿ ನಾನು ಸಹಿ ಹಾಕಿದ್ದೇನೆ. ಆದರೂ ಪ್ರತಿ ಸಲ ಚುಚ್ಚುವ ಮೊದಲು ದಯವಿಟ್ಟು ಅವರನ್ನೇ ಕೇಳಿರಿ. ಉತ್ತರ ತಡವಾದರೆ ಸ್ವಲ್ಪ ಕಾಯಿರಿ.

ಇತಿ,
ಗುರವ್ವ ಬಸಯ್ಯ ಹಿರೇಮಠ